ಕಳ್ಳರು ಒಯ್ಯದ ಬೆಳ್ಳಿ

1981ರ ಒಂದು ಶನಿವಾರ, ಬೆಳಗಿನ ಹತ್ತರ ಹೊತ್ತು. ಇಳಕಲ್ಲಿನ ನೇಕಾರರ ಸಂಘದ ಬಣ್ಣದ ಶೆಡ್ಡಿನಲ್ಲಿ ಶಂಕ್ರಪ್ಪ ಕೆಂಪು ನೂಲಿನ ಲಡಿಯೊಂದನ್ನು ಬಕೆಟ್ಟಿನಿಂದ ಎತ್ತಿ, ಹಿಂಡಿ, ಬಿಸಿಲಿಗೆ ಹಿಡಿದು ನೋಡಿದ. ಬಣ್ಣ ಇನ್ನೂ ಬಿಡುತ್ತಿತ್ತು. ಇಂಗ್ಲೆಂಡಿನ ಲೀಡ್ಸಿನಲ್ಲಿ ಎರಡು ವರ್ಷ ನೂಲಿನ ಬಣ್ಣದ ಬಗ್ಗೆ ಓದಿ ಬಂದವನು ಅವನು. ಎಷ್ಟು ಒಗೆದರೂ ಬಿಡದ ಕೆಂಪನ್ನು ಮಾಡಿಕೊಡುವುದು ಸಂಘ ಅವನಿಗೆ ಒಪ್ಪಿಸಿದ ಕೆಲಸ.

ನಲವತ್ತು ವರ್ಷ ಅದೇ ಶೆಡ್ಡಿನಲ್ಲಿ ಕೈ ಕೆಂಪು ಮಾಡಿಕೊಂಡ ಮುರ್ತುಜಸಾಬ ಹಂಡೆಯ ಪಕ್ಕದಿಂದ ಕೆಣಕಿದ.

"ಸಾಹೇಬ್ರ, ಈ ಕೆಂಪಿಗಿ ಲಂಡನ್ನಿನ ನೀರ ಬೇಕೇನ್ರಿ? ನಮ್ಮ ಬಾವಿ ನೀರಿಗಿ ಇದು ಮಾತು ಕೇಳವಲ್ದು."

"ಸುಮ್ನಿರ್ರಿ ಮಾಮಾ."

"ಸೋಮವಾರ ಶಿವಯೋಗ ಮಂದಿರದಾಗ ಹಾರ ಬೀಳತಾವು ನಿಮಗ. ಆಮ್ಯಾಲೆ ಈ ಮುದುಕನ ಗುರುತು ಹಿಡೀತೀರೋ ಇಲ್ಲೋ?" ಮುರ್ತುಜಸಾಬ ಹಂಡೆಯೊಳಗೆ ಕೋಲಾಡಿಸುತ್ತ ಮುಂದುವರಿಸಿದ. "ನಿನ್ನೆ ಅಮೀನಗಡಕ್ಕ ಹೋಗಿದ್ದೆ. ಮನಿಮನಿಗಿ ಮುರುಕ ಬೆಳ್ಳಿ ಎತ್ಯಾರಂತ, ನಿಮ್ಮ ಕರಡಿಗಿಗಿ. ನಿಮ್ಮ ದೊಡ್ಡವ್ವ ಕಾಲುಂಗುರ ಕೊಟ್ಟಾಳಂತ. ಗಂಡ ಸತ್ತ ದಿನ ತಗದಿಟ್ಟಿದ್ಲಲ್ಲ, ಅವು."

ಶಂಕ್ರಪ್ಪ ಲಡಿಯನ್ನು ಬಕೆಟ್ಟಿನೊಳಗೆ ಇಳಿಬಿಟ್ಟ. ಸನ್ಮಾನದ ವಿಷಯ ವಾರದಿಂದ ಗೊತ್ತಿತ್ತು. ಬಾದಾಮಿಯ ಬಸಯ್ಯನವರು, ಊರೂರಿನ ಭಕ್ತರನ್ನು ಕೂಡಿಸಿ ಭಜನೆ ನಡೆಸುವ ಹಿರಿಯರು, ತಾವೇ ಖುದ್ದಾಗಿ ಬಂದು ಹೇಳಿಹೋಗಿದ್ದರು. ಹೊಟ್ಟೆನೋವು ಎಂದು ತಪ್ಪಿಸಿಕೊಂಡರಾಯಿತು ಎಂದುಕೊಂಡಿದ್ದ. ಆ ಕಾಲುಂಗುರದ ಸಂಗತಿ ಗೊತ್ತಿರಲಿಲ್ಲ.

ಕರಡಿಗೆ ಎಂದರೆ ಇಷ್ಟಲಿಂಗವನ್ನಿಟ್ಟು ಎದೆಯ ಮೇಲೆ ಧರಿಸುವ ಬೆಳ್ಳಿಯ ಸಂಪುಟ. ಶಂಕ್ರಪ್ಪನದು ಅಜ್ಜನ ಕಾಲದ್ದು. ಪರದೇಶಕ್ಕೆ ಹೊರಟ ದಿನ ತಾಯಿ ಬಸಲಿಂಗವ್ವ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ಹೊಸ ಶಿವದಾರ ಪೋಣಿಸಿ ಮಗನ ಕೊರಳಿಗೆ ಹಾಕಿದ್ದಳು. ಎರಡು ವರ್ಷದ ಮೇಲೆ ಅವನು ಮರಳಿದ್ದು ಲಿಂಗವನ್ನು ಬಿಳಿ ವಸ್ತ್ರದಲ್ಲಿ ಕಟ್ಟಿಕೊಂಡು. ಅದಕ್ಕೆ ಮೊದಲೇ ಅವನ ಕಾಗದ ಬಂದಿತ್ತು: ರೈಲಿನಲ್ಲಿ ಕಳ್ಳರು ಬೆಳ್ಳಿ ಒಯ್ದರು, ಲಿಂಗವನ್ನು ಮಾತ್ರ ನಾನು ಮುಷ್ಟಿಯಿಂದ ಬಿಡಲಿಲ್ಲ.

ಆ ಕಾಗದವನ್ನು ಬಸಲಿಂಗವ್ವ ನಾಲ್ಕು ಜನರಿಂದ ನಾಲ್ಕು ಸಲ ಓದಿಸಿದಳು. ಆಮೇಲೆ ಓದಿಸುವ ಅಗತ್ಯ ಬೀಳಲಿಲ್ಲ. ಅವಳಿಗೇ ಬಾಯಿಪಾಠವಾಗಿತ್ತು. ಅವಳ ಬಾಯಲ್ಲಿ ಕಳ್ಳರು ಮೂವರಾದರು, ಒಬ್ಬನ ಕೈಯಲ್ಲಿ ಚಾಕು ಬಂತು. ಆ ಕತೆ ಬಸಯ್ಯನವರ ಕಿವಿಗೂ ಬಿದ್ದು, ಭಕ್ತರ ಬೆಳ್ಳಿಯಲ್ಲಿ ಹೊಸ ಕರಡಿಗೆ ಮಾಡಿಸಿ ಸನ್ಮಾನದಲ್ಲಿ ಕೊಡುವುದೆಂದಾಗಿತ್ತು.

ನಡೆದದ್ದು ಬೇರೆ. ಬೇಸಿಗೆಯ ರಜೆಗೆ ಜೊತೆಯ ಹುಡುಗರೆಲ್ಲ ಯುರೋಪು ತಿರುಗಲು ಹೊರಟಿದ್ದರು. ಒಂದೇ ಟಿಕೆಟ್ಟಿನಲ್ಲಿ ತಿಂಗಳಿಡೀ ಯಾವ ದೇಶದ ರೈಲನ್ನಾದರೂ ಹತ್ತಬಹುದಾದ ವಿದ್ಯಾರ್ಥಿ ಸವಲತ್ತು ಅದು. ಅಷ್ಟು ಅಗ್ಗದ್ದೂ ಶಂಕ್ರಪ್ಪನಿಗೆ ಎಟುಕಲಿಲ್ಲ. 'ನಾನು ಬರುವುದಿಲ್ಲ' ಎನ್ನಲು ನಾಚಿಕೆಯಾಗಿ, ಲೀಡ್ಸಿನ ಹಳೆ ಸಾಮಾನಿನ ಅಂಗಡಿಗೆ ಹೋದ. ಅಂಗಡಿಯವನು ಕರಡಿಗೆಯನ್ನು ತೂಕಕ್ಕಿಟ್ಟು, ಒಳಗಿನ ಕಲ್ಲನ್ನು ತೆಗೆದುಕೊಳ್ಳಿ ಎಂದ. ಶಂಕ್ರಪ್ಪ ಅದನ್ನು ಅಂಗೈಯಲ್ಲಿ ಹಿಡಿದು ಹೊರಬಂದು, ಕ್ಯಾಮೆರಾ ರೀಲಿನ ಖಾಲಿ ಡಬ್ಬಿಯಲ್ಲಿ ಹತ್ತಿಯ ನಡುವೆ ಇಟ್ಟುಕೊಂಡ.

ವಸತಿಗೃಹದ ಬಾಡಿಗೆ ಉಳಿಸಲು ರಾತ್ರಿಗಳನ್ನು ರೈಲಿನಲ್ಲೇ ಕಳೆದ. ಸ್ಟೇಷನ್ನಿನ ನಲ್ಲಿಯಲ್ಲಿ ಕಾಲುಚೀಲ ತೊಳೆದ. ಊರಿನಿಂದ ಬಂದ ಶೇಂಗಾ ಚಟ್ನಿಪುಡಿಯನ್ನು ಬ್ರೆಡ್ಡಿಗೆ ಉದುರಿಸಿ ತಿಂದ. ವಿಯೆನ್ನಾದಲ್ಲಿ ಬೆಟ್ಟ ಹತ್ತಲು ಚೀಲ ಭಾರವಾಗುತ್ತದೆಂದು ಸ್ಟೇಷನ್ನಿನ ಸಾಮಾನು ಕೋಣೆಯಲ್ಲಿಟ್ಟು ಹೋದ. ಮೂರು ದಿನದ ಮೇಲೆ ಚೀಲ ಬಿಡಿಸಿಕೊಂಡು ಅಂಗಿ ಹುಡುಕುವಾಗ ಡಬ್ಬಿ ಕೈಗೆ ತಗುಲಿತು. ಅಲ್ಲಿಯವರೆಗೆ ಲಿಂಗದ ನೆನಪೇ ಆಗಿರಲಿಲ್ಲ. ಕಾಗದ ಬರೆದದ್ದು ಆ ಸಂಜೆ.

ಮಧ್ಯಾಹ್ನ ಮನೆಗೆ ಬಂದಾಗ ಬಸಲಿಂಗವ್ವ ರೊಟ್ಟಿ ಬಡಿಯುತ್ತಿದ್ದಳು. ಶಂಕ್ರಪ್ಪ ಕೈಕಾಲು ತೊಳೆಯದೆ ಒಲೆಯ ಮುಂದೆಯೇ ಕೂತ.

"ಯವ್ವಾ, ಆ ಕರಡಿಗಿ ಕಳ್ಳರು ಒಯ್ದಿಲ್ಲ."

ಅವಳ ಮುಖ ಅರಳಿತು. "ಸಿಕ್ಕತೇನೋ ತಮ್ಮಾ?"

"ಇಲ್ಲ. ನಾನ ಮಾರಿದೆ. ಊರು ತಿರಗಾಕ."

ಹಂಚಿನ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬಂತು. ಅವಳು ಅದನ್ನು ತಿರುವಿಹಾಕಲಿಲ್ಲ.

"ನಿಮ್ಮ ಮುತ್ಯಾ ಹೊಲಾ ಮಾರಿದ, ಅದನ್ನ ಮಾರಲಿಲ್ಲ," ಎಂದಳು. ಹಂಚು ಇಳಿಸಿ ಮಗನ ಕಡೆ ತಿರುಗಿದಳು. "ಹೋಗ್ಲಿ, ಬೆಳ್ಳಿ ಹಾಳಾಗ್ಲಿ. ಲಿಂಗ ಮೈಮ್ಯಾಲಿತ್ತಿಲ್ಲೋ?"

ಇತ್ತು ಎಂದರೆ ಮುಗಿಯುತ್ತಿತ್ತು. ಅವಳು ಅದನ್ನೇ ಕಾಯುತ್ತಿದ್ದಳು. ಆ ಒಂದು ಮಾತು ಶಂಕ್ರಪ್ಪನ ನಾಲಿಗೆಯವರೆಗೆ ಬಂದಿತ್ತು.

"ಚೀಲದಾಗಿತ್ತು. ಮೂರು ದಿನ ಆ ಚೀಲಾನೂ ನನ್ನ ಹಂತ್ಯಾಕ ಇರಲಿಲ್ಲ."

"ನೆನಪರೆ ಆತೇನು?"

"ಇಲ್ಲ."

ಬಸಲಿಂಗವ್ವ ಅಳಲಿಲ್ಲ. ಕೈಗೆ ಮೆತ್ತಿದ ಜೋಳದ ಹಿಟ್ಟನ್ನು ಉಜ್ಜಿ ಉಜ್ಜಿ ಪರಾತಕ್ಕೆ ಉದುರಿಸಿದಳು.

"ಗುಡೂರ ಸಂತ್ಯಾಗ ಹೇಳೇನಿ. ಹುನಗುಂದದ ದವಾಖಾನ್ಯಾಗ ಪಾಳೇಕ ಕುಂತಾಗ, ಗುರುತಿಲ್ಲದವರಿಗೂ ಹೇಳೇನಿ. ನನ್ನ ಮಗಾ ಹಿಂಗ, ಲಿಂಗ ಬಿಡಲಿಲ್ಲ ಅಂತ. ನನ್ನ ಬಾಯಾಗ ಸುಳ್ಳು ತುಂಬಿ ಊರೂರು ತಿರಗಸಿದೆಲ್ಲೋ."

ಶಂಕ್ರಪ್ಪ ಉಗುರಿನ ಸಂದಿಯ ಕೆಂಪನ್ನು ಹೆಬ್ಬೆರಳಿನಿಂದ ಕೆರೆಯುತ್ತಿದ್ದ.

"ಬಸಯ್ಯನವರಿಗಿ ನಾ ಹೇಳ್ತೇನಿ, ಸನ್ಮಾನ ಬ್ಯಾಡ ಅಂತ."

"ಬಸಯ್ಯನವರು ಆಮ್ಯಾಲೆ. ಅವರೇನು, ಹಿರ್‍ಯಾರು, ಬೈದು ಬಿಟ್ಟಾರು. ಮೊದಲ ನಿಮ್ಮ ದೊಡ್ಡವ್ವನ ಮುಂದ ಕುಂತು ಹೇಳು. ಹೊಟ್ಟಿಗಿ ಇಲ್ಲದಾಗೂ ಆ ಉಂಗುರ ಮಾರಲಿಲ್ಲ ಅಕಿ."

"ನೀನೂ ಬಾ ಯವ್ವಾ."

"ನಾ ಬರಂಗಿಲ್ಲ. ನಾ ಯಾವ ಮಾರಿ ಹೊತಗೊಂಡು ಬರಲಿ?"

ಅವಳು ಹೊತ್ತಿದ ರೊಟ್ಟಿಯನ್ನು ತನ್ನ ಪಾಲಿಗೆ ಬದಿಗಿಟ್ಟು, ಬಿಸಿ ರೊಟ್ಟಿಯನ್ನು ಮಗನ ತಾಟಿಗೆ ಹಾಕಿದಳು. ಅವನು ಅದನ್ನು ಮುರಿಯಲೂ ಇಲ್ಲ, ತಾಟು ಬಿಟ್ಟು ಏಳಲೂ ಇಲ್ಲ.

ಭಾನುವಾರ ಬೆಳಿಗ್ಗೆ ಆರೂವರೆಯ ಬಸ್ಸಿನಲ್ಲಿ ಶಂಕ್ರಪ್ಪ ಒಬ್ಬನೇ ಅಮೀನಗಡಕ್ಕೆ ಹೋದ. ದೊಡ್ಡವ್ವ ಶಿವಲಿಂಗವ್ವ ಎಲ್ಲವನ್ನೂ ಕೇಳಿ, ತನ್ನ ಕಾಲುಂಗುರ ತನಗೆ ತಂದುಕೊಡು ಎಂದಷ್ಟೇ ಹೇಳಿದಳು. ಅಕ್ಕಸಾಲಿಗ ಗುರುವಾರವೇ ಎಲ್ಲ ಬೆಳ್ಳಿಯನ್ನೂ ಕೂಡಿಸಿ ಕರಗಿಸಿದ್ದ.