ಮಸರಕಲ್ಲಿನ ತಿದಿ

ಎಂಬತ್ತರ ದಶಕದಲ್ಲಿ ನಾನು ರಾಯಚೂರಿನಲ್ಲಿ ಲಾರಿ ಮೆಕ್ಯಾನಿಕ್. ಒಂದು ಮಧ್ಯಾಹ್ನ ಮಸರಕಲ್ ಹತ್ತಿರ ನಾನು ಓಡಿಸುತ್ತಿದ್ದ ಲಾರಿಯ ಹಿಂಬಾಗಿಲಿನ ಕೊಂಡಿ ಮುರಿಯಿತು. ಬೆಸುಗೆ ಹಾಕಿಸಲು ಅಲ್ಲಿನ ಕಮ್ಮಾರನ ಕುಲುಮೆಗೆ ಹೋಗಿ ಬೇವಿನ ನೆರಳಲ್ಲಿ ಕೂತೆ. ಅವನ ಹೆಂಡತಿ ಗಾಳಿ ಊದುವ ತಿದಿಯ ಹಗ್ಗ ಎಳೆದಾಗ ಕೆಂಡ ಕಣ್ಣು ಬಿಡುತ್ತಿತ್ತು, ಸಡಿಲಿಸಿದಾಗ ಮುಚ್ಚುತ್ತಿತ್ತು. ನೋಡುತ್ತ ನೋಡುತ್ತ ನನ್ನ ಉಸಿರೂ ಆ ತಿದಿಯ ಜೊತೆಗೇ ಹೋಗಿ ಬರತೊಡಗಿ, ಜೊಂಪು ಹತ್ತಿತು.

"ತಮ್ಮಾ, ನಿನ್ನ ಲಾರಿ ಬರಾಗ ಸಿಳ್ಳಿ ಹೊಡೀತಿತ್ತಲ್ಲ, ಏನದು?" ಎಂದಳು.

"ಟರ್ಬೋ, ಯವ್ವಾ. ಎಂಜಿನ್ನಿನ ತಿದಿ ಅದು. ಗಾಳಿ ಹೆಚ್ಚು ತುಂಬಿದ್ರ ಡೀಸೆಲ್ ಹೆಚ್ಚು ಉರೀತದ, ಬಲ ಬರ್ತದ."

"ಅದರ ಹಗ್ಗ ಯಾರು ಎಳೀತಾರ?"

ನನ್ನ ಜೊಂಪು ಹಾರಿತು. "ಸೂಪರ್‌ಚಾರ್ಜರ್ ಅಂತ ಇನ್ನೊಂದು ಅದ. ಅದನ್ನ ಎಂಜಿನ್ನೇ ಬೆಲ್ಟ್ ಹಾಕಿ ತಿರುಗಸ್ತದ. ಎಕ್ಸಿಲೇಟರ್ ಒತ್ತಿದ ಕೂಡ್ಲೆ ಗಾಳಿ ಕೊಡ್ತದ, ಆದ್ರ ಎಂಜಿನ್ನಿನ ಬಲಾನ ತಿಂತದ. ಟರ್ಬೋ ಹಂಗಲ್ಲ. ಹೊರಗ ದಂಡ ಹೋಗೋ ಹೊಗಿನೇ ಅದನ್ನ ತಿರುಗಸ್ತದ. ಹೊಗಿ ಜೋರಾಗೋತನ ಸ್ವಲ್ಪ ಕಾಯಬೇಕು, ಅಷ್ಟ."

ಅವಳ ಕೈ ನಿಂತಿತು. ಕುಲುಮೆಯೊಳಗಿನ ಕೊಂಡಿ ನಿಧಾನವಾಗಿ ಕಪ್ಪಾಯಿತು.

"ಎಳಿ ಬೇ, ಕಬ್ಬಿಣ ಆರಾಕತ್ತದ!" ಬೀಡಿ ಕಚ್ಚಿಕೊಂಡೇ ಗಂಡ ಕೂಗಿದ.

ಅವನ ಮೂಗಿನಿಂದ ಸುರುಳಿ ಸುರುಳಿಯಾಗಿ ಏಳುತ್ತಿದ್ದ ಹೊಗೆಯನ್ನು ಅವಳು ಕನಸಿನಲ್ಲೆಂಬಂತೆ ನೋಡಿದಳು.

"ಈತನ ಹೊಗಿನೂ ಮೂವತ್ತು ವರ್ಷದಿಂದ ದಂಡ ಹೊಂಟದ ತಮ್ಮಾ. ಅದರಿಂದ ಈ ತಿದಿ ಒಂದಿನಾನೂ ಅಲುಗಿಲ್ಲ," ಎಂದು ಮತ್ತೆ ಹಗ್ಗಕ್ಕೆ ಕೈ ಹಾಕಿದಳು.

ಟರ್ಬೋ ತಡವಾಗಿ ಏಳುತ್ತದೆ ಎಂದವನು ನಾನೇ. ಆದರೆ ಮೂವತ್ತು ವರ್ಷದ ತಡ ಸರಿಮಾಡುವ ಪಾನಾ ನನ್ನ ಸಲಕರಣೆ ಪೆಟ್ಟಿಗೆಯಲ್ಲಿರಲಿಲ್ಲ.