ಐದನೆಯ ಉಬ್ಬು

ಅವತ್ತು ಬೆಳಿಗ್ಗೆ ಉಪ್ಪಿಟ್ಟು ತಣ್ಣಗಾಗುತ್ತಿದ್ದರೂ ನಮ್ಮ ಯಜಮಾನರು ಕಿಟಕಿಯ ಪಕ್ಕದ ಮೇಜು ಬಿಟ್ಟು ಏಳಲಿಲ್ಲ. ಎಡಗೈಯಲ್ಲಿ ಸಣ್ಣ ಚಾಕು, ಬಲಗೈಯಲ್ಲಿ ನೆಲ್ಲಿಕಾಯಿ ಗಾತ್ರದ ಹಸಿರು ಮೇಣದ ಹಲ್ಲು. ಎದುರಿಗೆ ಪುಟ್ಟ ಡಬ್ಬಿಯಲ್ಲಿ, ಹತ್ತಿಯ ಮೇಲೆ, ಯಾರದ್ದೋ ಬಾಯಿಂದ ಕಿತ್ತ ನಿಜವಾದ ಹಲ್ಲು. ಅದನ್ನು ನೋಡುವುದು, ಮೇಣ ಕೆತ್ತುವುದು, ಮತ್ತೆ ಅದನ್ನೇ ನೋಡುವುದು. ಆ ಬೆಳಿಗ್ಗೆ ನನ್ನ ಮುಖವನ್ನು ಒಮ್ಮೆಯಾದರೂ ಹಾಗೆ ನೋಡಿದರೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಿಗೆ ಬರುವುದಿಲ್ಲ. ಅದು ನಮ್ಮಿಬ್ಬರ ಕೊನೆಯ ಮಾಮೂಲಿ ದಿನ.

ಸತ್ತವರು ಬಂದು ಹೋಗುತ್ತಾರೆ ಎಂಬ ಮಾತನ್ನು ನಾನು ನಂಬಿದವಳಲ್ಲ. ನಮ್ಮತ್ತೆ ಅಂಥದ್ದನ್ನು ಹೇಳಲು ಕುಳಿತರೆ ಒಲೆಯ ಮೇಲೆ ಏನೋ ಇದೆ ಎಂದು ಎದ್ದು ಹೋಗುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೇ.

ಯಶವಂತಪುರದಲ್ಲಿ ಅವರದ್ದೊಂದು ಸಣ್ಣ ಲ್ಯಾಬ್ ಇತ್ತು. ದಂತವೈದ್ಯರು ಕಳಿಸುವ ಅಚ್ಚು ನೋಡಿ ಹಲ್ಲಿಗೆ ಕ್ಯಾಪ್, ಹಲ್ಲುಸೆಟ್ಟು ಮಾಡಿಕೊಡುವ ಕೆಲಸ. ಜೊತೆಗಾರ ಮುನಿರಾಜು ನಮ್ಮ ಅಬ್ಬಿಗೆರೆಯವನೇ. ಅವರನ್ನು ಅಣ್ಣ ಎನ್ನುತ್ತಿದ್ದ, ನನ್ನನ್ನು ಅತ್ತಿಗೆ. ಕಾಲೇಜೊಂದರಲ್ಲಿ ಮಕ್ಕಳಿಗೆ ತೋರಿಸಿ ಪಾಠ ಹೇಳಲು ದೊಡ್ಡ ಗಾತ್ರದ ಮೇಣದ ಹಲ್ಲುಗಳು ಬೇಕೆಂದು ಕೇಳಿದ್ದರು. ಅದನ್ನು ಮಾತ್ರ ಇವರು ಮನೆಯಲ್ಲಿ ಕೂತು ಮಾಡುತ್ತಿದ್ದರು.

ಇಷ್ಟು ವರ್ಷ ಪಕ್ಕದಲ್ಲಿ ಕೂತು ತರಕಾರಿ ಹೆಚ್ಚಿದ್ದರಿಂದ ನನಗೂ ಒಂದಿಷ್ಟು ತಿಳಿದಿತ್ತು. ಮೇಲಿನ ಸಾಲಿನ ಮೊದಲ ದೊಡ್ಡ ದವಡೆ ಹಲ್ಲಿಗೆ ನಾಲ್ಕು ಉಬ್ಬು: ಕೆನ್ನೆಯ ಕಡೆ ಎರಡು, ಒಳಗಡೆ ಎರಡು. ಅವುಗಳ ನಡುವೆ ಗೀರುಗಳು ಇಳಿದು ಬಂದು ಕುಳಿಯಲ್ಲಿ ಸೇರುತ್ತವೆ. ಒಳಗಿನ ಮುಂದಿನ ಉಬ್ಬಿನಿಂದ ಹೊರಗಿನ ಹಿಂದಿನ ಉಬ್ಬಿಗೆ ಬದುವಿನಂಥ ಒಂದು ಏಣು ಓರೆಯಾಗಿ ಹಾದುಹೋಗುತ್ತದೆ. "ಮಳೆ ಬಂದ್ರೆ ನೀರು ಎಲ್ಲಿ ಹರಿಯುತ್ತೆ ಅಂತ ನೋಡ್ಕೊಂಡು ಕೆತ್ಬೇಕು ಕಣೇ" ಎನ್ನುತ್ತಿದ್ದರು. ಕೆಲವರಿಗೆ ಮಾತ್ರ ಐದನೆಯದೊಂದು ಇರುತ್ತದೆ. ಒಳಗಿನ ಮುಂದಿನ ಉಬ್ಬಿನ ಗೋಡೆಗೆ ಅಂಟಿಕೊಂಡ ಪುಟ್ಟ ಮೊಗ್ಗಿನಂಥದ್ದು. ಅಗಿಯುವುದಕ್ಕೆ ಅದರಿಂದ ಯಾವ ಉಪಯೋಗವೂ ಇಲ್ಲ. ಬಾಗಿದ ಒಂದು ಸಣ್ಣ ಗೀರು ಅದನ್ನು ಗೋಡೆಯಿಂದ ಬೇರೆ ಮಾಡಿ ತೋರಿಸುತ್ತದೆ.

ಡಬ್ಬಿಯ ಹಲ್ಲಿಗೆ ಆ ಐದನೆಯ ಉಬ್ಬು ಇತ್ತು. ಮದುವೆಯಾದ ಹೊಸತರಲ್ಲಿ ನನ್ನ ಬಾಯಿಗೂ ಪುಟ್ಟ ಕನ್ನಡಿ ಇಟ್ಟು ನೋಡಿದ್ದರು. "ನಿಂದು ನುಣುಪು, ಗಿಲಾವು ಮಾಡಿದ ಗೋಡೆ ಥರ" ಎಂದು ನಕ್ಕರು. ಆಗ ನಾನೂ ನಕ್ಕೆ. ಆಮೇಲೆ ಅವರು ಆ ಹಲ್ಲನ್ನು ಹತ್ತಿಯಿಂದ ಒರೆಸುವುದು, ಬೆಳಕಿಗೆ ತಿರುಗಿಸುವುದು ನೋಡಿ ನೋಡಿ ನಗು ಬರದಂತಾಯಿತು.

"ಯಾರದ್ರೀ ಅದು?" ಎಂದು ಎಷ್ಟೋ ಸಲ ಕೇಳಿದ್ದೇನೆ.

"ಹೆಸರು ಗೊತ್ತಾದ್ರೆ ಏನ್ ಮಾಡ್ತೀಯ, ಜಗಳಕ್ಕೆ ಹೋಗ್ತೀಯಾ?"

"ಗಂಡಸಿನದೋ, ಹೆಂಗಸಿನದೋ? ಅಷ್ಟಾದ್ರೂ ಹೇಳಿ."

"ಹಲ್ಲಿನದು" ಎಂದು ಹೇಳಿ ಮತ್ತೆ ತಲೆ ಬಗ್ಗಿಸುತ್ತಿದ್ದರು.

ಒಮ್ಮೆ ಮನೆಗೆ ಬಂದಿದ್ದ ಮುನಿರಾಜು ಡಬ್ಬಿ ತೋರಿಸಿ, "ಅತ್ತಿಗೆ, ಉಸಾರಾಗಿರಿ. ಇದು ನಿಮ್ಮ ಸವತಿ ಕಣ್ರೀ" ಎಂದ. ಇಬ್ಬರೂ ಬಿದ್ದು ಬಿದ್ದು ನಕ್ಕರು. ತಮಾಷೆಗೆ ಆಡಿದ ಮಾತು. ನನ್ನೊಳಗೆ ಮಾತ್ರ ಅದು ಹಾಗೇ ಉಳಿಯಿತು.

ಆ ಬೆಳಿಗ್ಗೆ ಮೇಣದ ಹಲ್ಲಿನ ಎಲ್ಲ ಬದಿಯೂ ಮುಗಿದಿತ್ತು, ಒಳಬದಿಯೊಂದನ್ನು ಬಿಟ್ಟು. "ಐದನೇದು ಒಂದು ಬಾಕಿ. ಸಂಜೆ ಬಂದು ಕೂರ್ತೀನಿ" ಎಂದು ಹೆಲ್ಮೆಟ್ ತೆಗೆದುಕೊಂಡು ಹೋದರು. ಅವರ ಬೈಕಿನ ಸದ್ದು ರಸ್ತೆ ತಿರುಗಿದ ಮೇಲೆ ನಾನು ಆ ಮೇಣದ ಹಲ್ಲನ್ನು ಎತ್ತಿಕೊಂಡೆ. ಒಳಬದಿ ಸಪಾಟಾಗಿತ್ತು, ನನ್ನ ಹಲ್ಲಿನ ಹಾಗೆ. ಉಬ್ಬು ಬರಬೇಕಾಗಿದ್ದ ಜಾಗಕ್ಕೇ ಹೆಬ್ಬೆರಳ ಉಗುರನ್ನು ಬಲವಾಗಿ ಒತ್ತಿದೆ. ಎಳೆ ಚಂದ್ರನಂಥ ಗುರುತು ಬಿತ್ತು. ಸಂಜೆ ಬಂದು ಬೈಯಲಿ, ಬೈಯುವಾಗಲಾದರೂ ನನ್ನ ಕಡೆ ನೋಡುತ್ತಾರೆ ಎಂದುಕೊಂಡೆ.

ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಬೈಕ್ ನಿಲ್ಲಿಸಿದವರು ಹಾಗೇ ಪಕ್ಕಕ್ಕೆ ವಾಲಿದರಂತೆ. ಎದೆನೋವು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮನೆಗೆ ಜನ ಸೇರುವ ಮೊದಲೇ ನಾನು ಮೇಣದ ಹಲ್ಲನ್ನು ಅವರ ಕರವಸ್ತ್ರದಲ್ಲಿ ಸುತ್ತಿ, ಆ ಡಬ್ಬಿಯ ಜೊತೆ ಬೀರುವಿನ ಒಳ ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಆಗಲೂ ಒಳಬದಿ ಸಪಾಟಾಗಿಯೇ ಇತ್ತು, ಉಗುರಿನ ಗುರುತು ಇತ್ತು. ಡಬ್ಬಿಯಲ್ಲಿ ಹಲ್ಲೂ ಇತ್ತು. ಅಂಥ ಹೊತ್ತಿನಲ್ಲಿ ಅದನ್ನೇಕೆ ನೋಡಿದೆ ಎಂದು ಕೇಳಬೇಡಿ, ನೋಡಿದೆ. ಬೀಗದ ಕೈಯನ್ನು ಅವತ್ತಿನಿಂದ ಸೆರಗಿನ ತುದಿಗೇ ಕಟ್ಟಿಕೊಂಡಿದ್ದೆ.

ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ ಒಂದು ಸಂಜೆ. ದೀಪ ಹಚ್ಚುವ ಹೊತ್ತು. ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ನಡುಮನೆಯಿಂದ ಕಾಯಿಸಿದ ಮೇಣದ ವಾಸನೆ ಬಂತು. ಅವರು ಚಾಕುವನ್ನು ಸ್ಪಿರಿಟ್ ದೀಪಕ್ಕೆ ಹಿಡಿದು ಬಿಸಿ ಮಾಡುವಾಗ ಬರುತ್ತಿದ್ದ ವಾಸನೆಯೇ. ಅಭ್ಯಾಸಬಲದಿಂದ, "ರೀ, ಕಾಫಿ ಕೊಡ್ಲಾ?" ಎಂದುಬಿಟ್ಟೆ. ಕೇಳಿದ ಮೇಲೆ ಕೈ ನಿಂತಿತು.

ಹೋಗಿ ನೋಡಿದರೆ ಯಾರೂ ಇರಲಿಲ್ಲ. ಬಾಗಿಲಿನ ಚಿಲಕ ಹಾಕಿದ ಹಾಗೇ ಇತ್ತು. ಸ್ಪಿರಿಟ್ ದೀಪ ಮುಟ್ಟಿದೆ, ತಣ್ಣಗಿತ್ತು. ವಾಸನೆ ಮಾತ್ರ ಬೀರುವಿನ ಕಡೆಯಿಂದ ಬರುತ್ತಿತ್ತು. ಬೀಗ ತೆಗೆದು ಕರವಸ್ತ್ರ ಬಿಚ್ಚಿದೆ.

ಹಲ್ಲು ಮುಗಿದಿತ್ತು. ಒಳಬದಿಯಲ್ಲಿ ಐದನೆಯ ಉಬ್ಬು ಎದ್ದಿತ್ತು, ಒದ್ದೆ ಹತ್ತಿಯಿಂದ ಉಜ್ಜಿದ ಹೊಳಪಿನೊಂದಿಗೆ. ಪಕ್ಕದ ಡಬ್ಬಿ ತೆಗೆದೆ. ಹತ್ತಿ ಇತ್ತು, ಅದರಲ್ಲಿ ಹಲ್ಲು ಕೂತಿದ್ದ ತಗ್ಗು ಇತ್ತು. ಹಲ್ಲು ಇರಲಿಲ್ಲ.

ನಾನು ಹೆದರಲಿಲ್ಲ. ನನಗೆ ಬಂದದ್ದು ಹೊಟ್ಟೆಯುರಿ. ಬಂದದ್ದು ಅವರೇ ಆಗಿದ್ದರೆ, ನನ್ನ ಅವರ ನಡುವೆ ಇದ್ದದ್ದು ಅಡುಗೆಮನೆಯ ಒಂದು ಗೋಡೆ. ಕಾಫಿ ಬೇಕೇ ಎಂದು ಕೇಳಿದೆ, ಬೇಡ ಎಂದಾದರೂ ಹೇಳಬಹುದಿತ್ತು. ಬಾಕಿ ಉಳಿದ ಕೆಲಸ ಮುಗಿಸಿ, ಆ ಹಲ್ಲನ್ನು ಜೊತೆಗೆ ಕರೆದುಕೊಂಡು ಹೋದರು. ನಾನು ಪಾತ್ರೆಗಳ ಜೊತೆ ಉಳಿದೆ.

ಮರುದಿನ ಮುನಿರಾಜುವನ್ನು ಕರೆಸಿ ತೋರಿಸಿದೆ. ಅವನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿದ.

"ಅಣ್ಣಂದೇ ಕೈ ಅತ್ತಿಗೆ. ಎಡಚರು ಎಳ್ದಿರೋ ಗೀರು ಇಂಗೇ ವಾಲೋದು. ಓಗೋ ಮುಂಚೆನೇ ಮುಗ್ಸಿರ್ತಾರೆ. ನೀವು ದುಃಖದಲ್ಲಿ ನೋಡಿರಲ್ಲ."

ನಾನು ಹಲ್ಲನ್ನು ಇಸಿದುಕೊಂಡು, ಉಬ್ಬನ್ನು ಗೋಡೆಯಿಂದ ಬೇರೆ ಮಾಡುವ ಆ ಬಾಗಿದ ಗೀರಿನಲ್ಲಿ ನನ್ನ ಹೆಬ್ಬೆರಳ ಉಗುರನ್ನು ಇಟ್ಟೆ. ಸರಿಯಾಗಿ ಕೂತಿತು. ಅವರು ಬೈಕ್ ಹತ್ತಿ ಹೋದ ಮೇಲೆ ಒತ್ತಿದ ಗುರುತು ಅದು ಎಂದು ಹೇಳಿದೆ.

ಮುನಿರಾಜು ತನ್ನ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. "ಸೆಕೆಗೆ ಮೇಣ ಉಬ್ಬಿರ್ಬೌದು" ಎಂದ. ಹಲ್ಲಿನ ಕಡೆ ಮತ್ತೆ ನೋಡಿ, "ಇಂಗೆಲ್ಲ ಉಬ್ಬಲ್ಲ" ಎಂದು ತಾನೇ ಹೇಳಿದ. ಡಬ್ಬಿಯ ಹಲ್ಲು ಯಾರದ್ದೆಂದು ಅವನನ್ನೂ ಕೇಳಿದೆ. "ನಮ್ಮಮ್ಮನಾಣೆ ಗೊತ್ತಿಲ್ಲ ಅತ್ತಿಗೆ. ಅವತ್ತು ಸವತಿ ಅಂದಿದ್ದು ಸುಮ್ನೆ ನಗ್ಸೋಕೆ" ಎಂದು ಕಣ್ಣೊರೆಸಿಕೊಂಡ.

ಇದಾಗಿ ಕೆಲವು ವರ್ಷಗಳಾದವು. ಕೆಲವೊಮ್ಮೆ ಅನಿಸುತ್ತದೆ, ನಾನು ಸಿಟ್ಟಿನಿಂದ ಒತ್ತಿದ ಗುರುತನ್ನು ಅವರು ಅಳಿಸಬಹುದಿತ್ತು, ಅಳಿಸಲಿಲ್ಲ. ಅದರಿಂದಲೇ ಉಬ್ಬಿನ ಅಂಚು ಮಾಡಿದರು. ಇದರಿಂದ ನನಗೆ ಸಮಾಧಾನವಾಗಬೇಕು. ಅರ್ಧ ಆಗುತ್ತದೆ. ಇನ್ನರ್ಧ ಈಗಲೂ, ಆ ನಿಜವಾದ ಹಲ್ಲು ಯಾರ ಬಾಯಿಯದು ಎಂದು ಕೇಳುತ್ತಲೇ ಇರುತ್ತದೆ. ಬೀರು, ಮೇಜು, ಲ್ಯಾಬಿನ ಮೂಲೆ ಮೂಲೆ ಹುಡುಕಿದ್ದೇನೆ. ಮೇಣದ ಹಲ್ಲು ನನ್ನ ಹತ್ತಿರ ಇದೆ. ಡಬ್ಬಿಯ ಹಲ್ಲು ಇನ್ನೂ ಸಿಕ್ಕಿಲ್ಲ.