ಆಗಸ್ಟ್ ಹದಿನೈದರ ಮಕ್ಕಳು

ನಾನು ಎಂದು ಹುಟ್ಟಿದೆನೋ ನನಗೆ ಗೊತ್ತಿಲ್ಲ. ಸರ್ಕಾರಕ್ಕೆ ಗೊತ್ತಿದೆ: 15-8-1975. ಅದೇ ದಿನ ನಮ್ಮ ತರಗತಿಯ ಇನ್ನೂ ಹತ್ತೊಂಬತ್ತು ಮಂದಿ ಹುಟ್ಟಿದ್ದಾರೆ. ನಮ್ಮ ಮೇಲಿನ ತರಗತಿಯವರೆಲ್ಲ ಒಂದು ವರ್ಷ ಮೊದಲು ಅದೇ ದಿನ, ಕೆಳಗಿನವರೆಲ್ಲ ಒಂದು ವರ್ಷ ಬಿಟ್ಟು ಅದೇ ದಿನ. ಮೂವತ್ತಮೂರು ವರ್ಷ ನಮ್ಮೂರಿನಲ್ಲಿ ಬೇರೆ ಯಾವ ದಿನವೂ ಒಂದು ಕೂಸು ಹುಟ್ಟಲಿಲ್ಲ. ಊರು ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ಸೀಮೆಯಲ್ಲಿ, ಹೊಳೆಯ ಬದಿಗೆ ಇದೆ. ಅದರ ಹೆಸರು ಹೇಳುವುದಿಲ್ಲ, ನಾನಿನ್ನೂ ನೌಕರಿಯಲ್ಲಿದ್ದೇನೆ. ನನ್ನ ಹೆಸರು ಶಾಂಭವಿ ಎಂದು ಇಟ್ಟುಕೊಳ್ಳಿ.

ಇದಕ್ಕೆಲ್ಲ ಕಾರಣ ಪಾಲಾಕ್ಷಪ್ಪ ಮೇಷ್ಟ್ರು. ಚಿಗಟೇರಿಯಲ್ಲಿ ಹುಟ್ಟಿ, 1960ರಲ್ಲಿ ನಮ್ಮೂರ ಶಾಲೆಗೆ ಬಂದು, ಅಲ್ಲೇ ಹೆಡ್‌ಮಾಸ್ತರಾಗಿ, 1993ರಲ್ಲಿ ನಿವೃತ್ತರಾದ ಮೇಲೂ ಊರು ಬಿಡದ ಮನುಷ್ಯ. ಬಿಳಿ ಅಂಗಿ, ಕಚ್ಚೆ ಧೋತರ, ಜೇಬಿನಲ್ಲಿ ಒಂದು ನೀಲಿ, ಒಂದು ಕೆಂಪು ಪೆನ್ನು. ಊರವರು ಅವರನ್ನು ಹಿಂದಿನಿಂದ ತಕ್ಕಡಿ ಮೇಷ್ಟ್ರು ಎನ್ನುತ್ತಿದ್ದರು. ಒಮ್ಮೆ ಇನ್‌ಸ್ಪೆಕ್ಟರು ಬಂದು ಮಕ್ಕಳು ಎಷ್ಟು ಎಂದು ಕೇಳಿದಾಗ, “ಹೆಸರು ಇರೋದು ನಲವತ್ತೆಂಟ್ರಿ, ಕುಂತೋರು ಇಪ್ಪತ್ತೊಂದು, ಉಳದೋರು ಶೇಂಗಾ ಬಿಡಸಾಕ ಹೋಗ್ಯಾರ” ಎಂದು ಹೇಳಿ ಬೈಸಿಕೊಂಡವರು. ಊರ ಗೌಡರು ಮೊಮ್ಮಗನಿಗೆ ಎರಡು ಅಂಕ ಸೇರಿಸಿರಿ ಎಂದಾಗ, “ಎಲ್ಲಿಂದ ಸೇರಿಸ್ಲಿ ಗೌಡ್ರ, ಅವನ ಹಾಳಿಯೊಳಗ ಇಲ್ಲ” ಎಂದು ಗೌಡರ ಮನೆಯ ಹಬ್ಬದ ಊಟ ಕಳೆದುಕೊಂಡವರು. ಇಂಥವರ ಕೈಯಿಂದ ನಮ್ಮೆಲ್ಲರ ಜನ್ಮ ದಿನಾಂಕ ಹೇಗೆ ಬಂತು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೇನೆ, ಬಾಯಿಬಿಟ್ಟೇ ಕೇಳಿದ್ದೇನೆ.

ನನ್ನನ್ನು ಶಾಲೆಗೆ ಸೇರಿಸಲು ಕರೆದೊಯ್ದವಳು ನಮ್ಮವ್ವ ಶಿವಬಸಮ್ಮ. ಆ ದಿನದ ಮಾತನ್ನು ಅವಳು ಇವತ್ತಿಗೂ ನಗುತ್ತಾ ಹೇಳುತ್ತಾಳೆ.

“ಇಕಿ ಯಾವತ್ತು ಹುಟ್ಟ್ಯಾಳವಾ?” ಎಂದರಂತೆ ಮೇಷ್ಟ್ರು.

“ಶೇಂಗಾ ಬಿಡಸಾ ಮುಂದರಿ. ಅಲ್ಲಲ್ಲ, ಅದು ಹಿರೇಮಗ. ಇಕಿ ಹೊಳಿ ಬಂದಾಗ. ಹೊಳಿ ಬಂದು ಇಳದ ಮ್ಯಾಲ.”

“ಯಾವ ವರ್ಷದ ಹೊಳಿ?”

“ಹೊಳಿಗಿ ವರ್ಷ ಎಲ್ಲೈತ್ರಿ, ಬರಾದ ಅಷ್ಟ.”

ಮೇಷ್ಟ್ರು ನನ್ನ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಿಸಿದರು. ಬೆರಳು ಕಿವಿಗೆ ತಾಗಿದರೆ ಆರು ವರ್ಷ ತುಂಬಿದ ಲೆಕ್ಕ. ತಾಗಿತು. ಹೀಗೆ ವರ್ಷ ಸಿಕ್ಕಿತು, ಇನ್ನು ದಿನ ಬೇಕು. ಇಂಥ ಮಕ್ಕಳಿಗೆ ಜೂನ್ ಒಂದು ಎಂದು ಬರೆದು ಕೈ ತೊಳೆದುಕೊಳ್ಳುವುದು ಎಲ್ಲ ಕಡೆಯ ರೂಢಿ. ನಮ್ಮ ಮೇಷ್ಟ್ರಿಗೆ ಅದು ಸರಿಬರಲಿಲ್ಲ. “ಜೂನ್ ಒಂದಕ್ಕ ಸಾಲಿ ಬಾಗಲಾ ತೆಗೀತಾರ. ಅದು ಸಾಲಿ ಹುಟ್ಟಿದ ದಿನ, ಹುಡುಗೂರದಲ್ಲ” ಎನ್ನುತ್ತಿದ್ದರು. ಹುಟ್ಟಿದ ದಿನ ಎಂದರೆ ಒಂದು ಮರ್ಯಾದೆ ಇರಬೇಕು, ಬಾಯಿಗೊಂದು ಸಿಹಿ ಬೀಳಬೇಕು ಎಂದು ಅವರ ವಾದ. ಆಗಸ್ಟ್ ಹದಿನೈದಕ್ಕೆ ಹೇಗೂ ಧ್ವಜ ಏರುತ್ತದೆ, ಬ್ಯಾಂಡು ಬಾರಿಸುತ್ತಾರೆ, ಪೆಪ್ಪರಮೆಂಟು ಹಂಚುತ್ತಾರೆ. ಬಡವರ ಮನೆಯ ಕೂಸಿಗೆ ಇದಕ್ಕಿಂತ ದೊಡ್ಡ ಹುಟ್ಟುಹಬ್ಬ ಯಾರು ಮಾಡಿಯಾರು? ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ, ನೀಲಿ ಪೆನ್ನಿನಲ್ಲಿ ಬರೆದರು.

ಪ್ರತಿ ವರ್ಷ ಧ್ವಜ ಏರಿದ ಮೇಲೆ, ನಿವೃತ್ತರಾದ ನಂತರವೂ, ಅವರದೊಂದು ಭಾಷಣ. ಸ್ವಾತಂತ್ರ್ಯ ಬಂದದ್ದು ಎಲ್ಲರಿಗೂ ಗೊತ್ತು, ಅದು ಕೊನೆಗೆ. ಮೊದಲು ಸಂಗೊಳ್ಳಿ ರಾಯಣ್ಣ: ಹುಟ್ಟಿದ್ದು ಇದೇ ದಿನ ಎನ್ನುತ್ತಾರೆ, ಗಲ್ಲಿಗೇರಿಸಿದ್ದು ಜನವರಿ ಇಪ್ಪತ್ತಾರು. ಆಮೇಲೆ ಇದೇ ದಿನ ಹುಟ್ಟಿದ ನೆಪೋಲಿಯನ್. ಅರವಿಂದರು. ಜಪಾನು ಯುದ್ಧ ಸೋತು ಶರಣಾದದ್ದು. ಟಪಾಲಿಗೆ ಪಿನ್ ಕೋಡು ಬಂದದ್ದು. ಟೀವಿಯಲ್ಲಿ ಬಣ್ಣ ಬಂದದ್ದು ಎಂಬತ್ತೆರಡರಲ್ಲಿ, ಆಗ ಊರಿನಲ್ಲಿ ಕಪ್ಪು ಬಿಳುಪಿನದೂ ಒಂದು ಟೀವಿ ಇರಲಿಲ್ಲ. ಎಪ್ಪತ್ತೈದರ ಅದೇ ಬೆಳಗ್ಗೆ ಢಾಕಾದಲ್ಲಿ ಅಲ್ಲಿನ ಅಧ್ಯಕ್ಷ ಮುಜೀಬರನ್ನು ಮನೆಮಂದಿಯ ಸಮೇತ ಕೊಂದರು ಎಂದು ಅವರು ಹೇಳಿದ ವರ್ಷ ನಾನು ಮೂರನೇ ತರಗತಿ. ನಾನು ಹುಟ್ಟಿದ್ದಕ್ಕೇ ಹಾಗಾಯಿತೇನೋ ಎಂದು ತಿಳಿದು ಪೆಪ್ಪರಮೆಂಟನ್ನು ಬಾಯಲ್ಲಿಟ್ಟುಕೊಂಡೇ ಅತ್ತೆ. ಪಕ್ಕದಲ್ಲಿ ಕುಳಿತ ಖುಷ್ನುಮಾ ನನ್ನನ್ನು ನೋಡಿ ತಾನೂ ಅತ್ತಳು, ಅವಳೂ ಅದೇ ದಿನದವಳಲ್ಲವೆ?

ಏಳನೇ ತರಗತಿಯಲ್ಲಿದ್ದಾಗ ನಾನು ಕೇಳಿಯೇಬಿಟ್ಟೆ. “ಸರ, ನೀವು ಸುಳ್ಳ ಹೇಳಬಾರದು ಅಂತೀರಿ. ನಮ್ಮೆಲ್ಲರ ತಾರೀಖು ಸುಳ್ಳಲ್ಲೇನ್ರಿ?”

ಅವರಿಗೆ ಸಿಟ್ಟು ಬರಲಿಲ್ಲ. “ಸುಳ್ಳಂದ್ರ ಖರೆ ಗೊತ್ತಿದ್ದು ಮುಚ್ಚಿಡೋದವಾ. ಇಲ್ಲಿ ಖರೆ ಯಾರಿಗಿ ಗೊತ್ತೈತಿ, ನಿಮ್ಮವ್ವಗ ಗೊತ್ತಿಲ್ಲ. ಖಾಲಿ ಬಿಟ್ರ ಸರಕಾರ ಬಿಡಾಂಗಿಲ್ಲ. ತುಂಬೀನಿ ಅಷ್ಟ” ಎಂದರು. ಆಗ ಸರಿ ಎನ್ನಿಸಿತ್ತು. ಈಗ ಯೋಚಿಸಿದರೆ ಅರ್ಧ ಸರಿ, ಅರ್ಧ ತಲೆ ತಿರುಗುತ್ತದೆ.

1998ರಲ್ಲಿ ಆ ತಾರೀಖು ನಮ್ಮ ಕೊರಳಿಗೆ ಬಂತು. ನಾನೂ, ಪಂಪ್‌ಸೆಟ್ ರಿಪೇರಿ ಮಾಡುವ ಕಮಾಲಸಾಬರ ಮಗಳು ಖುಷ್ನುಮಾನೂ ಟಿಸಿಎಚ್ ಮುಗಿಸಿ, ಶಿಕ್ಷಕರ ಆಯ್ಕೆ ಪಟ್ಟಿಯಲ್ಲಿ ಬಂದಿದ್ದೆವು. ಅಪ್ಪ ಗುರುಸಂಗಪ್ಪ ತೀರಿಹೋಗಿ ನಾಲ್ಕು ವರ್ಷವಾಗಿತ್ತು. ಅಣ್ಣ ಬೇರೆ ಸಂಸಾರ ಹೂಡಿದ್ದ. ಅವ್ವ ಕಂಡವರ ಹೊಲದಲ್ಲಿ ಕಳೆ ತೆಗೆದು ನನ್ನನ್ನು ಓದಿಸಿದ್ದಳು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಮೂಗರ್ಜಿ ಹಾಕಿದರು: ಒಂದೇ ಊರು, ಒಂದೇ ತಾರೀಖು, ಇಬ್ಬರ ದಾಖಲೆಯೂ ಖೊಟ್ಟಿ. ನಮ್ಮ ನೇಮಕದ ಆದೇಶ ನಿಂತಿತು. ದಾಖಲಾತಿ ಪುಸ್ತಕ ಬರೆದ ನಿವೃತ್ತ ಹೆಡ್‌ಮಾಸ್ತರು ಫೆಬ್ರುವರಿ ಹದಿನಾರು ಸೋಮವಾರ ಜಿಲ್ಲಾ ಕಚೇರಿಗೆ ಬಂದು ಹೇಳಿಕೆ ಕೊಡಬೇಕು ಎಂದು ನೋಟಿಸು ಬಂತು. ತಾರೀಖು ಖರೆ ಎಂದು ಅವರು ಹೇಳಿದರೆ ನೌಕರಿ. ‘ನಾನೇ ತುಂಬಿದ್ದು’ ಎಂದರೆ ದಾಖಲೆ ಬಿತ್ತು, ನೌಕರಿಯೂ ಬಿತ್ತು.

ಆ ಸೋಮವಾರ ನಾವಿಬ್ಬರೂ ದಾವಣಗೆರೆಯ ಕಚೇರಿಯ ಮೆಟ್ಟಿಲ ಮೇಲೆ ಸಂಜೆ ಐದರವರೆಗೆ ಕುಳಿತೆವು. ಮೇಷ್ಟ್ರು ಬರಲಿಲ್ಲ. ಮರುದಿನ ಮಧ್ಯಾಹ್ನ ಧೂಳು ತುಂಬಿದ ಧೋತರದಲ್ಲಿ ಊರಿಗೆ ಬಂದು ಇಳಿದರು.

“ಎಲ್ಲಿ ಹೋಗಿದ್ರಿ ಸರ?”

“ಜಿಲ್ಲಾ ಕಚೇರಿಗಿ.”

“ಯಾವ ಜಿಲ್ಲಾ?”

ಅವರು ಹೋದದ್ದು ಬಳ್ಳಾರಿಗೆ. ಹರಪನಹಳ್ಳಿಯಲ್ಲಿ ಬಳ್ಳಾರಿ ಬಸ್ಸು ಹತ್ತಿ, ಕೊಟ್ಟೂರು, ಕೂಡ್ಲಿಗಿ ಎಲ್ಲ ದಾಟಿ, ಬಳ್ಳಾರಿಯ ಕಚೇರಿಯಲ್ಲಿ ಕೈಕಟ್ಟಿ ನಿಂತಿದ್ದರು. ನಿಮ್ಮ ತಾಲ್ಲೂಕು ಈಗ ನಮ್ಮದಲ್ಲ ಎಂದು ಅಲ್ಲಿಯವರು ಹೇಳಿ ಕಳಿಸಿದ್ದರು. ನಮ್ಮ ಕಡೆ ಬಟ್ಟೆಗೆ, ಆಸ್ಪತ್ರೆಗೆ ದಾವಣಗೆರೆ. ಸರ್ಕಾರಕ್ಕೆ ಮಾತ್ರ ಬಳ್ಳಾರಿ. ತಲತಲಾಂತರದ ರೂಢಿ. ಹರಪನಹಳ್ಳಿ ತಾಲ್ಲೂಕು ದಾವಣಗೆರೆಗೆ ಸೇರಿ ಆರು ತಿಂಗಳಾಗಿತ್ತು. ಸೇರಿದ ದಿನ ಯಾವುದು ಗೊತ್ತೇ? ತೊಂಬತ್ತೇಳರ ಆಗಸ್ಟ್ ಹದಿನೈದು. ಇದೇ ಮೇಷ್ಟ್ರು ಅದನ್ನು ಆ ದಿನವೇ ಭಾಷಣಕ್ಕೆ ಸೇರಿಸಿ, ಮಕ್ಕಳಿಂದ ಎರಡು ಸಲ ಹೇಳಿಸಿದ್ದರು!

“ತಲಿ ದಾವಣಗೆರಿಗೆ ಹೊಂಟಿತ್ತವಾ, ಕಾಲು ಬಳ್ಳಾರಿಗೆ ಹೋದ್ವು” ಎಂದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದು ಮರೆವೇ ಆಗಿತ್ತೇ, ಅಥವಾ ಆ ಪ್ರಶ್ನೆಗೆ ಉತ್ತರ ಕೊಡುವುದನ್ನು ತಪ್ಪಿಸಿಕೊಳ್ಳಲು ಕಾಲೇ ದಾರಿ ಹುಡುಕಿತೇ ಎಂಬ ಅನುಮಾನ ನನಗೆ ಈಗಲೂ ಇದೆ.

ಕೈಕಾಲು ಹಿಡಿದು ಇನ್ನೊಂದು ದಿನ ಕೇಳಿಕೊಂಡೆವು. ಮಾರ್ಚಿನಲ್ಲಿ ಸಿಕ್ಕಿತು. ಈ ಸಲ ಅವರನ್ನು ನಮ್ಮಿಬ್ಬರ ನಡುವೆ ಕೂರಿಸಿಕೊಂಡೇ ದಾವಣಗೆರೆ ಬಸ್ಸು ಹತ್ತಿದೆವು. ಅರ್ಧ ದಾರಿಯಲ್ಲಿ ನಾನು ನಾಚಿಕೆ ಬಿಟ್ಟೆ.

“ಸರ, ಒಂದ ಮಾತು. ಖರೆ ಐತಿ ಅಂದುಬಿಡ್ರಿ. ಇಷ್ಟ ವರ್ಷ ನೀವು ಒಂದೂ ಸುಳ್ಳ ಹೇಳಿಲ್ಲ, ಒಂದು ಹೇಳಿದ್ರ ಏನೂ ಆಗಾಂಗಿಲ್ಲ.”

“ಒಂದೂ ಹೇಳಿಲ್ಲ ಅಂತ ನೀನ ಅಂತೀ” ಎಂದು ಅವರು ಕಿಟಕಿಯ ಕಡೆ ತಿರುಗಿದರು. ಖುಷ್ನುಮಾ ನನ್ನ ಕೈ ಚಿವುಟಿ, ಸುಮ್ಮನಿರು ಎಂದು ಸನ್ನೆ ಮಾಡಿದಳು.

ಅಧಿಕಾರಿ ಸಣ್ಣ ವಯಸ್ಸಿನವರು, ಒಳ್ಳೆಯವರಂತೆಯೇ ಕಂಡರು. ಪುಸ್ತಕ ತೆರೆದು, ಉಳಿದ ಸಾಲುಗಳ ಕಡೆ ಕಣ್ಣು ಹಾಯಿಸದೆ, ನಮ್ಮಿಬ್ಬರ ಸಾಲಿಗೆ ಬೆರಳಿಟ್ಟು ಕೇಳಿದರು. “ಮೇಷ್ಟ್ರೇ, ಈ ಬರಹ ನಿಮ್ಮದೇ?”

“ನಂದ ರೀ.”

“ಈ ಇಬ್ಬರು ಹುಡುಗಿಯರ ತಾರೀಖು ನಿಜವಾದದ್ದೇ?”

ಮೇಷ್ಟ್ರು ಧೋತರದ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

“ಖರೆ ಐತ್ರಿ.”

“ನಿಮಗೆ ಹೇಗೆ ಗೊತ್ತು?”

ಇಲ್ಲಿ ಸುಮ್ಮನೆ ತಂದೆತಾಯಿ ಹೇಳಿದರು ಎಂದಿದ್ದರೆ ಸಾಕಿತ್ತು. ಮೇಷ್ಟ್ರಿಗೆ ಸುಳ್ಳಿನ ಅಳತೆ ಗೊತ್ತಿರಲಿಲ್ಲ, ಎಂದೂ ಹೇಳದವರಿಗೆ ಹೇಗೆ ಗೊತ್ತಿರಬೇಕು? ಹೇಳುತ್ತಲೇ ಹೋದರು. ಎಪ್ಪತ್ತೈದರ ಆಗಸ್ಟ್ ಹದಿನೈದು, ಶುಕ್ರವಾರ. ಸಣ್ಣ ಜಿನುಗು ಮಳೆ. ಧ್ವಜ ಒದ್ದೆಯಾಗಿ ಕಂಬಕ್ಕೆ ಅಂಟಿಕೊಂಡಿತ್ತು. ಪೆಪ್ಪರಮೆಂಟು ಹಂಚುತ್ತಿರುವಾಗ ಗುರುಸಂಗಪ್ಪ ಹೊಲದ ಕೆಸರಿನ ಕಾಲಲ್ಲೇ ಓಡಿ ಬಂದ. ‘ಮೇಷ್ಟ್ರ, ಹೆಣ್ಣುಕೂಸು ಹುಟ್ಟೇತ್ರಿ’ ಎಂದ. ಅವನ ಹಿಂದೆಯೇ ಕಮಾಲಸಾಬ ಬಂದ, ತಲೆಗೆ ಸುತ್ತಿದ ಟವಲಿನಿಂದ ಕಣ್ಣು ಒರೆಸಿಕೊಳ್ಳುತ್ತಾ. ಮೇಷ್ಟ್ರು ಇಬ್ಬರಿಗೂ ಪೆಪ್ಪರಮೆಂಟು ಕೊಟ್ಟರು. ಗುರುಸಂಗಪ್ಪ ತಿನ್ನಲಿಲ್ಲ, ಮನೆಯವಳಿಗೆ ಒಯ್ಯುತ್ತೇನೆ ಎಂದು ಅಂಗಿಯ ಜೇಬಿಗೆ ಹಾಕಿಕೊಂಡ.

ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಕೇಳುತ್ತಿದ್ದರು. ಅಪ್ಪ ಸತ್ತ ಮೇಲೆ ಅವನನ್ನು ಅಷ್ಟು ಸ್ಪಷ್ಟವಾಗಿ ನಾನು ಕಂಡದ್ದು ಅದೇ ಮೊದಲು. ನನ್ನನ್ನು ಹೆರಲು ಅವ್ವ ತವರಿಗೆ ಹೋಗಿದ್ದಳು, ಊರಿಂದ ಎಂಟು ಹರದಾರಿ ದೂರ, ಅಪ್ಪನಿಗೆ ಸುದ್ದಿ ಆ ಬೆಳಗ್ಗೆಯೇ ಮುಟ್ಟುವಂತಿರಲಿಲ್ಲ, ಎಂಬುದೂ ಆ ಗಳಿಗೆಯಲ್ಲಿ ನೆನಪಿಗೆ ಬರಲಿಲ್ಲ. ಅಧಿಕಾರಿ ಫೈಲು ಮುಚ್ಚಿ, ಹೇಳಿಕೆಗೆ ಸಹಿ ಹಾಕಿಸಿಕೊಂಡು, “ಆಯ್ತು, ಹೋಗಿಬನ್ನಿ” ಎಂದರು. ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಸಹಿ ಮಾಡಹೋಗಿದ್ದರು, ಅಧಿಕಾರಿ ತಡೆದು ತಮ್ಮ ಪೆನ್ನು ಕೊಟ್ಟರು.

ಹೊರಗೆ ಬೇವಿನ ಮರದ ಕೆಳಗೆ ಚಹಾ ಕುಡಿಯುವಾಗ ನಾನು ಕೇಳಿದೆ. “ಸರ, ಅಪ್ಪ ಖರೇನ ಬಂದಿದ್ನಾ?”

“ಹೇಳಾಕತ್ತಾಗ ಬಂದಂಗಾತವಾ. ಈಗ ನನಗೂ ತಿಳೀವಲ್ದು.” ಚಹಾ ಅರ್ಧಕ್ಕೆ ಇಟ್ಟರು.

ಜೂನಿನಲ್ಲಿ ಆದೇಶ ಬಂತು. ಅವ್ವ ಆದೇಶದ ಕಾಗದವನ್ನು ದೇವರ ಮುಂದೆ ಇಟ್ಟು ಕುಂಕುಮ ಹಚ್ಚಿಬಿಟ್ಟಳು, ಕಚೇರಿಯಲ್ಲಿ ಅದಕ್ಕೂ ಬೈಸಿಕೊಂಡೆ. ಖುಷ್ನುಮಾಗೆ ಹಡಗಲಿ ರಸ್ತೆಯ ಕಡೆ ಊರು, ನನಗೆ ಚಿಗಟೇರಿಯ ಹತ್ತಿರ. ಮೇಷ್ಟ್ರ ಮನೆಗೆ ಪೇಡೆ ಒಯ್ದೆವು. ತಗೊಂಡರು. ತಿಂದದ್ದನ್ನು ನಾವು ನೋಡಲಿಲ್ಲ. ಆಮೇಲೆ ಅವರು ನನ್ನ ಮುಖ ನೋಡಿ ಮಾತಾಡುವುದನ್ನು ಬಿಟ್ಟರು. ಕಟ್ಟೆಯ ಮೇಲೆ ಕೂತವರಿಗೆ, ‘ಎಪ್ಪತ್ತೈದರಾಗ ಅವತ್ತು ಮಳಿ ಬಂದಿತ್ತೇನ್ರಪಾ?’ ಎಂದು ಕೇಳುತ್ತಿದ್ದರಂತೆ. ಯಾರಿಗೆ ನೆನಪಿರುತ್ತದೆ? ಬಂದಿತ್ತು ಎಂದರೆ ಸಮಾಧಾನವಿಲ್ಲ, ಇಲ್ಲ ಎಂದರೆ ಊಟ ಸೇರುತ್ತಿರಲಿಲ್ಲ.

ಆ ವರ್ಷದ ಆಗಸ್ಟ್ ಹದಿನೈದಕ್ಕೆ ಊರಿನ ಶಾಲೆಯವರು ನಮ್ಮಿಬ್ಬರಿಗೆ ಸನ್ಮಾನ ಇಟ್ಟುಕೊಂಡರು. ನಮ್ಮ ನಮ್ಮ ಶಾಲೆಯ ಧ್ವಜ ಮುಗಿಸಿ, ಸಿಕ್ಕ ಟೆಂಪೋ ಹತ್ತಿ, ಹನ್ನೊಂದರ ಹೊತ್ತಿಗೆ ಮುಟ್ಟಿದೆವು. ವೇದಿಕೆಯ ಮೇಲೆ ತಾಲ್ಲೂಕಿನಿಂದ ಬಂದ ಅಧಿಕಾರಿಯೊಬ್ಬರು, ಊರ ಹಿರಿಯರು, ಮೇಷ್ಟ್ರು. ಹಡಗಲಿ ಮಲ್ಲಿಗೆಯ ಹಾರ ಹಾಕಿದರು. ಮುಂದಿನ ಸಾಲಿನಲ್ಲಿ ಅವ್ವ ಹೊಸ ಸೀರೆಯ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. ಆಮೇಲೆ ಮೇಷ್ಟ್ರ ಭಾಷಣ.

ರಾಯಣ್ಣ, ನೆಪೋಲಿಯನ್, ಅರವಿಂದರು, ಜಪಾನು, ಪಿನ್ ಕೋಡು, ಢಾಕಾ, ಬಣ್ಣದ ಟೀವಿ, ದಾವಣಗೆರೆ ಜಿಲ್ಲೆ. ಒಂದೂ ತಪ್ಪಲಿಲ್ಲ. ಕೊನೆಗೆ ಸ್ವಾತಂತ್ರ್ಯವನ್ನೂ ಹೇಳಿ ಮುಗಿಸಿದರು. ಕೂರಲಿಲ್ಲ. ಮೈಕು ಹಿಡಿದೇ ನಿಂತರು.

“ಈ ದಿನ ನಡದದ್ದು ಇಷ್ಟು” ಎಂದರು. “ನಡಿಲಾರದ್ದೂ ಒಂದೈತಿ. ಅವತ್ತು ಗುರುಸಂಗಪ್ಪ ಓಡಿ ಬಂದಿದ್ದಿಲ್ಲ. ಕಮಾಲಸಾಬನೂ ಬಂದಿದ್ದಿಲ್ಲ. ಈ ಹುಡುಗೇರು ಈ ದಿನ ಹುಟ್ಟ್ಯಾರ ಅಂತ ನಾ ದಾವಣಗೆರಿಯಾಗ ಸಾಹೇಬ್ರ ಮುಂದ ಹೇಳಿದ್ದು…”

ತಾಲ್ಲೂಕಿನ ಅಧಿಕಾರಿ ಕೈಯಲ್ಲಿದ್ದ ಪೇಪರಿನಿಂದ ತಲೆ ಎತ್ತಿದರು. ಖುಷ್ನುಮಾ ನನ್ನ ಕಡೆ ನೋಡಿದಳು. ಅವ್ವ ಏನೂ ತಿಳಿಯದೆ ನಗುತ್ತಲೇ ಇದ್ದಳು.

ಚಪ್ಪಾಳೆ ಬಿತ್ತು. ಮಕ್ಕಳು ತಟ್ಟಿದರು, ಮಕ್ಕಳನ್ನು ನೋಡಿ ಊರವರು ತಟ್ಟಿದರು, ಬ್ಯಾಂಡಿನವನು ಭಾಷಣ ಮುಗಿಯಿತೆಂದು ಡ್ರಮ್ಮು ಬಾರಿಸಿಬಿಟ್ಟ. ಮೇಷ್ಟ್ರ ತುಟಿ ಇನ್ನೂ ಆಡುತ್ತಿತ್ತು. “ವಯಸ್ಸಾತು ನೋಡ್ರಿ, ಮಾತು ಎಲ್ಲೆಲ್ಲೋ ಹೊಕ್ಕಾವ” ಎಂದು ಹಿರಿಯರೊಬ್ಬರು ಅಧಿಕಾರಿಯ ಕಿವಿಯಲ್ಲಿ ಹೇಳಿ, ಮೇಷ್ಟ್ರ ರಟ್ಟೆ ಹಿಡಿದು ಕೂರಿಸಿದರು. ಅಧಿಕಾರಿ ನಕ್ಕು ಮತ್ತೆ ಪೇಪರು ನೋಡಿದರು. ಮೇಷ್ಟ್ರು ಚಪ್ಪಾಳೆ ಎಲ್ಲಿಂದ ಬಂತು ಎಂದು ಆ ಕಡೆ ಈ ಕಡೆ ನೋಡುತ್ತಾ, ಕೊನೆಗೆ ನನ್ನ ಕೈಗಳನ್ನು ನೋಡಿದರು.

ಅದಾದ ಮೇಲೆ ಅವರು ಏಳು ವರ್ಷ ಬದುಕಿದ್ದರು. ಊರಲ್ಲಿ ಎಲ್ಲರೂ ಅವರಿಗೆ ಅರಳುಮರಳು ಎಂದರು, ನಾನು ಅಲ್ಲ ಎನ್ನಲಿಲ್ಲ. ಅವತ್ತು ಆ ಮಾತು ಮುಗಿಯಲು ಇನ್ನೊಂದೇ ಪದ ಬಾಕಿಯಿತ್ತು. ಮೊದಲು ಚಪ್ಪಾಳೆ ತಟ್ಟಿದವಳು ನಾನು.